ಮಡಿಲಲ್ಲಿ ಗುಂಡುಕಲ್ಲು

ನಿನ್ನೆ ಸಂಜೆ ಐದರಿಂದ ಕೊಟ್ರಬಸಪ್ಪ ನೀರು ಮುಟ್ಟಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ತೀರ್ಥ ತೆಗೆದುಕೊಳ್ಳುವಾಗಲೂ ಹನಿಯನ್ನು ನಾಲಿಗೆಗೆ ತಾಗಿಸಿಕೊಂಡನೇ ಹೊರತು ನುಂಗಲಿಲ್ಲ, ಮೆಲ್ಲಗೆ ಪಂಚೆಯ ಚುಂಗಿಗೆ ಒರೆಸಿಕೊಂಡ. ಅರವತ್ತೆರಡು ವರ್ಷದ ಗಂಡಸು ದೇವರ ಮುಂದೆ ಕೂತು ಒಂದು ಹನಿ ನೀರಿಗೆ ಕಳ್ಳಾಟ ಆಡುವ ಹಾಗಾಯಿತಲ್ಲ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು. ಕಣ್ಣೆತ್ತಿದರೆ ಬಾಗಿಲಲ್ಲಿ ಅನ್ನಪೂರ್ಣಮ್ಮ ಚೊಂಬು ಹಿಡಿದು ನಿಂತಿದ್ದಳು. ನೋಡಿದಳೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ.

"ಒಂದು ಗುಟುಕಾದ್ರೂ ಕುಡೀರಿ. ತುಟಿ ಒಡೆದಾವೆ."

"ಬ್ಯಾಡ ಕಣೇ."

"ನೀರು ಬಿಡಬ್ಯಾಡ್ರಿ ಅಂತ ಡಾಕ್ಟ್ರು ಹೇಳಿಲ್ಲೇನು?"

"ಡಾಕ್ಟ್ರು ತಕ್ಕಡಿ ಮೇಲೆ ಕೂರಲ್ಲ. ಕೂರೋನು ನಾನು."

ಅವಳು ಚೊಂಬನ್ನು ಬಾಗಿಲ ಪಕ್ಕದ ಕಟ್ಟೆಯ ಮೇಲಿಟ್ಟು ಸೀರೆಯ ನಿರಿಗೆ ಸರಿಮಾಡಿಕೊಳ್ಳತೊಡಗಿದಳು. ಎಂಟೂವರೆಯ ಬಸ್ಸಿಗೆ ಸವಳಂಗ ಬಿಟ್ಟು ನ್ಯಾಮತಿಗೆ ಹೋಗಬೇಕು. ಅಲ್ಲಿ ತೋಪಿನ ಮಠದಲ್ಲಿ ಅವನ ತುಲಾಭಾರ. ಆರು ವರ್ಷದ ಹಿಂದೆ ವಿಷಮಜ್ವರ ಬಂದು ಅವನು ಹಾಸಿಗೆಯಲ್ಲಿ ಬಡಬಡಿಸುತ್ತಿದ್ದಾಗ, ಗಂಡ ಎದ್ದು ಕೂತರೆ ಅವನ ತೂಕದ ಬೆಲ್ಲ ಗದ್ದಿಗೆಗೆ ಒಪ್ಪಿಸುತ್ತೇನೆ ಎಂದು ಇವಳು ಹರಕೆ ಹೊತ್ತಿದ್ದಳು. ಎದ್ದು ಕೂತ, ವ್ಯಾಪಾರಕ್ಕೆ ಹೋದ, ಈ ಸುಗ್ಗಿ ಆಗಲಿ ಆ ಸುಗ್ಗಿ ಆಗಲಿ ಎನ್ನುತ್ತ ಎಂಬತ್ತೊಂದನೇ ಇಸವಿ ಬಂತು. ಈಗ ಗುರುವಾರ ದಾವಣಗೆರೆಯಲ್ಲಿ ಆಪರೇಷನ್. ಹರಕೆ ಬಾಕಿ ಇಟ್ಟುಕೊಂಡು ಮೈಗೆ ಕತ್ತಿ ಮುಟ್ಟಿಸಿಕೊಳ್ಳಬಾರದು ಎಂದು ಅವಳ ಹಟ. "ಅದು ತೀರದೆ ನಾನಂತೂ ದಾವಣಗೆರೆಗೆ ಹೆಜ್ಜೆ ಇಡಲ್ಲ, ನಿಮ್ಮನ್ನೂ ಕಳಿಸಲ್ಲ" ಎಂದಿದ್ದಳು. ಆ ಮಠದ ಕಟ್ಟಳೆಯೂ ಅವಳಷ್ಟೇ ಗಟ್ಟಿ. ಒಮ್ಮೆ ತಕ್ಕಡಿಯ ಹಲಗೆ ಹತ್ತಿದರೆ ಎರಡೂ ಕಡೆ ಸಮವಾಗಿ ಮಂಗಳಾರತಿ ಆಗುವತನಕ ಕಾಲು ನೆಲ ಮುಟ್ಟಬಾರದು. ನಡುವೆ ಇಳಿದರೆ ಹರಕೆ ಮುರಿದಂತೆ. ಮತ್ತೆ ಕೂರಬೇಕಾದರೆ ಒಂದು ವರ್ಷ ಕಾಯಬೇಕು. ಒಂದು ವರ್ಷ! ಹೆಚ್ಚೆಂದರೆ ಮುಕ್ಕಾಲು ಗಂಟೆಯ ಕೆಲಸ, ತಡೆದುಕೊಂಡೇನು ಎಂದುಕೊಂಡು ಕೊಟ್ರಬಸಪ್ಪ ಹೊರಡುವ ಮುಂಚೆ ಮೂರನೇ ಸಲ ಹಿತ್ತಲಿಗೆ ಹೋದ. ಬಂದದ್ದು ನಾಲ್ಕು ಹನಿ.

ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟನ್ನೇ ಹಿಡಿದ. ಇತ್ತೀಚೆಗೆ ಅವನು ಹೋದಲ್ಲೆಲ್ಲ ಮೊದಲು ನೋಡುವುದು ಬಾಗಿಲನ್ನು, ಆಮೇಲೆ ಗೋಡೆಯನ್ನು. ಸವಳಂಗದಿಂದ ನ್ಯಾಮತಿಯತನಕ ಯಾವ ತಿರುವಿನಲ್ಲಿ ಪೊದೆ ಇದೆ, ಯಾವ ಮೋರಿಯ ಹಿಂದೆ ಮರೆ ಇದೆ ಎಂಬುದು ಅವನಿಗೆ ಬಾಯಿಪಾಠ. ಮೂವತ್ತು ವರ್ಷ ಇದೇ ದಾರಿಯಲ್ಲಿ ಭತ್ತದ ಗಾಡಿ ಹೊಡೆಸಿದವನು ಆಗ ನೋಡುತ್ತಿದ್ದದ್ದು ಯಾರ ಗದ್ದೆಯಲ್ಲಿ ತೆನೆ ಹೇಗೆ ಬಾಗಿದೆ ಎಂದು. ಈಗ ಗದ್ದೆ ಕಾಣುವುದೇ ಇಲ್ಲ, ಮೋರಿಗಳು ಕಾಣುತ್ತವೆ. ಎರಡು ತಿಂಗಳ ಹಿಂದೆ ಹೊನ್ನಾಳಿಯಿಂದ ಬರುವಾಗ ಕಂಡಕ್ಟರನ ಹತ್ತಿರ ಹೋಗಿ ಮೆಲ್ಲಗೆ ಹೇಳಿದ್ದ, ಒಂದೇ ನಿಮಿಷ ನಿಲ್ಲಿಸಪ್ಪಾ ಎಂದು. ಆ ಹುಡುಗ, ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ಇಡೀ ಬಸ್ಸಿಗೆ ಕೇಳುವ ಹಾಗೆ "ಯಜಮಾನ್ರಿಗೆ ಅರ್ಜೆಂಟಂತೆ, ಹೋಲ್ಡಾನ್" ಎಂದು ಕೂಗಿ ಸೀಟಿ ಊದಿದ. ಇಳಿದು ಬೇಲಿಯ ಕಡೆ ಮುಖ ಮಾಡಿ ನಿಂತರೆ ಬೆನ್ನಿಗೆ ಐವತ್ತು ಜನರ ಕಣ್ಣು. ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿದ ಹಾಗಿದ್ದರೂ ಒಂದು ಹನಿ ಬರಲಿಲ್ಲ. ಡ್ರೈವರು ಹಾರನ್ ಹೊಡೆದ. ಬರಿಗೈಯಲ್ಲಿ ಬಂದವನಂತೆ ತಲೆ ತಗ್ಗಿಸಿಕೊಂಡು ಹತ್ತಿ ಕೂತ, ಮೂರು ಮೈಲಿ ಹೋಗುವಷ್ಟರಲ್ಲಿ ಪಂಚೆ ಒದ್ದೆಯಾಯಿತು. ಆವತ್ತಿನಿಂದ ಬಸ್ಸು ನಿಲ್ಲಿಸು ಎನ್ನುವ ಮಾತು ಅವನ ಗಂಟಲಿನಿಂದ ಹೊರಟಿಲ್ಲ. ನೀರು ಕುಡಿಯುವುದನ್ನೇ ಬಿಡುವುದು ಸುಲಭ ಅನ್ನಿಸಿತು.

ಆದರೆ ಬಸ್ಸು ನಿಲ್ಲಿಸದವನು ತಾನೇ ಅಲ್ಲವೇ ಮೊದಲು? ಈ ಯೋಚನೆ ಬಂದರೆ ಕೊಟ್ರಬಸಪ್ಪ ಕಿಟಕಿಯ ಕಡೆ ತಿರುಗುತ್ತಾನೆ, ಯಾರೋ ಓದಿಬಿಡುತ್ತಾರೆ ಎನ್ನುವ ಹಾಗೆ. ಯುದ್ಧದ ಕಾಲ, ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು. ಅವನ ಮದುವೆಯ ದಿಬ್ಬಣ ಜಗಳೂರಿಗೆ ಹೊರಟಿತ್ತು. ಪಕ್ಕದಲ್ಲಿ ಅಪ್ಪ ವಿರೂಪಾಕ್ಷಪ್ಪ, ಅವರದೂ ಮಗನ ಹಾಗೇ ಭಾರಿ ಮೈಕಟ್ಟು, ಭಾರಿ ಹೊಟ್ಟೆ. ಎರಡು ಸಲ ನಿಲ್ಲಿಸಿ ಆಗಿತ್ತು, ನಿಲ್ಲಿಸಿದಾಗಲೆಲ್ಲ ಇದ್ದಿಲು ಕೆದಕಿ ಗಾಳಿ ತಿರುವಿ ಹೊರಡಿಸಲು ಅರ್ಧ ಗಂಟೆ. ಮುಹೂರ್ತ ಹತ್ತಿರ ಬಂದಿತ್ತು. ಅಪ್ಪ ಮೂರನೇ ಸಲ ಕಿವಿಯ ಹತ್ತಿರ ಬಗ್ಗಿ, "ಒಂದೀಟು ನಿಲ್ಸಾಕೆ ಹೇಳೋ ಕೊಟ್ರಾ" ಎಂದರು. ಬಾಸಿಂಗ ಕಟ್ಟಿಕೊಂಡ ಮದುಮಗನಿಗೆ ನಾಚಿಕೆ, ಹಿಂದೆ ಕೂತ ಗೆಳೆಯರು ಆಗಲೇ ನಗಲು ಶುರುಮಾಡಿದ್ದರು. "ಎಷ್ಟು ಸಲ ಅಪ್ಪಾ? ಇನ್ನೇನು ಬಂತು, ಸುಮ್ನೆ ಕೂತ್ಕೋ" ಎಂದುಬಿಟ್ಟ. ಅಪ್ಪ ಸುಮ್ಮನೆ ಕೂತರು. ಆಮೇಲೆ ಹೆಗಲ ಮೇಲಿನ ಜರಿ ಶಾಲನ್ನು ಮಡಿಲಿಗೆ ಹೊದ್ದುಕೊಂಡರು. ಜಗಳೂರಿನಲ್ಲಿ ವಾದ್ಯ ಊದಿ, ಆರತಿ ತಂದು, ಎಲ್ಲರನ್ನೂ ಇಳಿಸಿಕೊಂಡರೂ ಅಪ್ಪ ಇಳಿಯಲಿಲ್ಲ. ಬೀಗರಿಗೆ ಏನೋ ಮುನಿಸು ಎಂದುಕೊಂಡು ಹೆಣ್ಣಿನ ತಂದೆ, ಪಾಪ, ಕಾಲು ತೊಳೆಯುವ ನೀರಿನ ತಂಬಿಗೆ ಹಿಡಿದು ಬಸ್ಸಿನ ಕಿಟಕಿಯ ಕೆಳಗೆ ನಿಂತು ಕೈಮುಗಿದರು. ಅಪ್ಪ "ಕಾಲು ಹಿಡಕೊಂಡೈತೆ, ಆಮೇಲೆ ಬರ್ತೀನಿ" ಎಂದಷ್ಟೇ ಹೇಳಿದರು. ಮಗನ ಧಾರೆಯನ್ನು ಅವರು ನೋಡಲಿಲ್ಲ. ಮೂವತ್ತೊಂಬತ್ತು ವರ್ಷದಿಂದ ಅನ್ನಪೂರ್ಣಮ್ಮ ಆ ಮಾತನ್ನು ಎತ್ತಿ ಆಡುತ್ತಲೇ ಬಂದಿದ್ದಾಳೆ. "ನಿಮ್ಮಪ್ಪನ ಸೊಕ್ಕು ನಾನು ಕಂಡಿಲ್ಲೇನು, ನಮ್ಮಪ್ಪನ್ನ ಬಸ್ಸಿನ ಕೆಳಗೆ ನಿಲ್ಸಿ ಕೈ ಮುಗಿಸಿದ್ರು." ಅಪ್ಪ ಸತ್ತು ಎಷ್ಟೋ ವರ್ಷವಾಯಿತು. ಅವರ ಸೊಕ್ಕು ಮಾತ್ರ ಮನೆಯಲ್ಲಿ ಇನ್ನೂ ಇದೆ. ಕೊಟ್ರಬಸಪ್ಪ ಒಂದು ದಿನವೂ ತಿದ್ದಿಲ್ಲ.

"ಏನ್ ಯೋಚ್ನೆ ಮಾಡ್ತಿದ್ದೀರಿ?" ಎಂದಳು ಪಕ್ಕದಲ್ಲಿದ್ದ ಅನ್ನಪೂರ್ಣಮ್ಮ. "ಏನಿಲ್ಲ" ಎಂದ. ಅವಳು ಅವನ ಸಡಿಲವಾದ ಜುಬ್ಬದ ಕಡೆ ನೋಡಿ ಮುಖ ಅತ್ತ ಮಾಡಿದಳು. ಆ ಜುಬ್ಬವೇ ಅವಳ ಸಂಕಟ. ಎರಡು ತಿಂಗಳ ಹಿಂದೆ ಅದು ಅವನ ಹೊಟ್ಟೆಯ ಮೇಲೆ ಬಿಗಿದು ನಿಲ್ಲುತ್ತಿತ್ತು. ಅವನ ಅಕ್ಕಿ ಮಿಲ್ಲಿನ ಹಮಾಲಿ ಮೂಕಪ್ಪ ಒಂದು ದಿನ ತಮಾಷೆಗೆ ಅವನನ್ನು ಮೂಟೆ ತೂಗುವ ತಕ್ಕಡಿಗೆ ಹತ್ತಿಸಿ, ನೂರಾ ನಾಲ್ಕು ಕಿಲೋ ಬಂದಾಗ "ನಮ್ ಸಾವ್ಕಾರ್ರು ಕ್ವಿಂಟಲ್ ದಾಟಿದ್ರು!" ಎಂದು ಕೂಗಿದ್ದ. ಆವತ್ತಿನಿಂದ ಸುತ್ತಿನ ಊರಿಗೆಲ್ಲ ಅವನು ಕ್ವಿಂಟಲ್ ಕೊಟ್ರಬಸಪ್ಪ. ಆ ಹೆಸರು ಅವನಿಗೆ ಸಿಟ್ಟು ತರಲಿಲ್ಲ, ಸುಳ್ಳೇಕೆ, ಸಂತೋಷವೇ ಆಯಿತು. ಉಂಡು ತಿಂದು ಬಾಳಿದ ಮನೆಯ ಯಜಮಾನ ಎಂದರೆ ಹೀಗಿರಬೇಕು ಎಂದು ಹೆಂಗಸರು ತಮ್ಮ ಸಣಕಲು ಗಂಡಂದಿರಿಗೆ ತೋರಿಸುತ್ತಿದ್ದರು. ಪಂಕ್ತಿಯಲ್ಲಿ ಅವನ ಎಲೆಗೆ ತುಪ್ಪದ ಗಿಂಡಿ ಎರಡು ಸಲ ಬರುತ್ತಿತ್ತು. ಅನ್ನಪೂರ್ಣಮ್ಮನ ಕೈಯ ಹೋಳಿಗೆ ಎಂಟಕ್ಕೆ ನಿಂತರೆ ಅವಳಿಗೇ ಅವಮಾನ.

ದಾವಣಗೆರೆಯ ಡಾಕ್ಟರು ಆ ಹೊಟ್ಟೆಯನ್ನು ಮಾತ್ರ ಬೇರೆ ಕಣ್ಣಿನಲ್ಲಿ ನೋಡಿದರು. ಬೆರಳಿಗೆ ರಬ್ಬರು ಹಾಕಿಕೊಂಡು ಪರೀಕ್ಷೆ ಮಾಡಿದ ಆ ಎರಡು ನಿಮಿಷವನ್ನು ಕೊಟ್ರಬಸಪ್ಪ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಕೈ ತೊಳೆಯುತ್ತ ಅವರು, ಮೂತ್ರದ ಚೀಲದ ಕೆಳಗೆ ಅಡಿಕೆಗಿಂತ ತುಸು ದೊಡ್ಡದೊಂದು ಗ್ರಂಥಿ ಎಲ್ಲ ಗಂಡಸರಿಗೂ ಇರುತ್ತದೆ, ವಯಸ್ಸಾದಂತೆ ಅದು ಬೆಳೆದು ದಾರಿ ಒತ್ತುತ್ತದೆ ಎಂದು ವಿವರಿಸಿದರು. "ನಾನು ನೋಡಿದ ಮಟ್ಟಿಗೆ ನಿಮ್ಮ ಹಾಗೆ ಹೊಟ್ಟೆ ಬೆಳೆಸಿದವರಿಗೆ ಇದು ಹೆಚ್ಚು. ಕೂತು ಕೂತು ತಿಂದಿದ್ದೀರಿ. ಈ ಮೈ ಇಟ್ಟುಕೊಂಡು ಬಂದರೆ ಮೇಜಿನ ಮೇಲೆ ಮಲಗಿಸಲು ನನಗೇ ಧೈರ್ಯ ಬರುವುದಿಲ್ಲ. ಹನ್ನೆರಡು ಕಿಲೋ ಇಳಿಸಿ ಬನ್ನಿ. ನೀರು ಕುಡಿಯುವುದು ಬಿಡಬೇಡಿ, ಮೂತ್ರ ಬಂದಾಗ ತಡೆಯಬೇಡಿ. ಒಂದು ದಿನ ಪೂರ್ತಿ ಕಟ್ಟಿಕೊಂಡರೆ ಜೀವಕ್ಕೇ ಬರುತ್ತದೆ." ತನಗಿಂತ ಮೂವತ್ತು ವರ್ಷ ಚಿಕ್ಕವನು ಗದರಿದ್ದಕ್ಕೆ ಮೊದಲು ಉರಿದುಹೋಯಿತು. ಮೆಟ್ಟಿಲು ಇಳಿಯುವಾಗ ಅಪ್ಪನ ಜರಿ ಶಾಲು ಕಣ್ಣ ಮುಂದೆ ಬಂತು. ಅಪ್ಪನಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ತನಗೆ ಹೇಳಿದ್ದಾರೆ. ಇಳಿಸುತ್ತೇನೆ ಎಂದುಕೊಂಡ. ಮರುದಿನ ಬೆಳಿಗ್ಗೆಯಿಂದಲೇ ತುಪ್ಪ ಬಂತೆಂದರೆ ಎಲೆಗೆ ಅಡ್ಡ ಕೈ, ಎರಡು ಮುದ್ದೆಯ ಜಾಗದಲ್ಲಿ ಅರ್ಧ ಮುದ್ದೆ, ಸವಳಂಗದ ಕೆರೆ ಏರಿಯ ಮೇಲೆ ಎರಡು ಸುತ್ತು. ಮೊದಲ ವಾರ ಕಣ್ಣು ಕತ್ತಲೆ ಬಂದು ಏರಿಯ ಕಲ್ಲಿನ ಮೇಲೆ ಕೂತ. ಎದ್ದು ಮತ್ತೆ ನಡೆದ. ಎರಡು ತಿಂಗಳಲ್ಲಿ ಹದಿಮೂರು ಕಿಲೋ ಇಳಿಯಿತು. ಬದುಕಿನಲ್ಲಿ ಅವನು ಮೈಬಗ್ಗಿಸಿ ಮಾಡಿದ ಕೆಲಸ ಅದೊಂದೇ ಇರಬೇಕು, ಆದರೆ ಶಹಭಾಸ್ ಅನ್ನುವವರು ಒಬ್ಬರೂ ಇಲ್ಲ. ಹರಕೆ ಬಾಕಿ ಇದೆ ಎಂದು ಗೊತ್ತಿದ್ದೂ ಮೈ ಇಳಿಸುತ್ತಾನೆ, ಸ್ವಾಮಿಗೆ ಕೊಡುವ ಬೆಲ್ಲದಲ್ಲಿ ಚೌಕಾಸಿ ಮಾಡುತ್ತಾನೆ ಎಂದು ಊರು ಮಾತಾಡಿತು. ಅನ್ನಪೂರ್ಣಮ್ಮನೇ ಅತ್ತು ಕರೆದು ಹೇಳಿದ್ದಳು, ಮೊದಲು ತೂಗಿಸಿಕೊಳ್ಳಿ, ಆಮೇಲೆ ಇಳಿಸಿಕೊಳ್ಳಿ ಎಂದು. ಅವನು ನಾಳೆ ನಾಡಿದ್ದು ಎಂದ. ಹಲಗೆಯ ಮೇಲೆ ಮುಕ್ಕಾಲು ಗಂಟೆ ಕೂರುವ ಹೆದರಿಕೆ ಎಂದು ಬಾಯಿಬಿಟ್ಟು ಹೇಳಲಿಲ್ಲ.

ಮಠದ ಅಂಗಳದಲ್ಲಿ ಮರದ ದಪ್ಪ ತೊಲೆಗೆ ತಕ್ಕಡಿ ಕಟ್ಟಿತ್ತು. ಒಂದು ಹಲಗೆಯ ಮೇಲೆ ಬೆಲ್ಲದ ಅಚ್ಚುಗಳು ಆಗಲೇ ಏರಿ ಕೂತಿದ್ದವು, ಬೆಲ್ಲದ ಜೊತೆ ಮುಂಚೆಯೇ ಬಂದಿದ್ದ ಮೂಕಪ್ಪ ಪಕ್ಕದಲ್ಲಿ ಹಗ್ಗ ಹಿಡಿದು ನಿಂತಿದ್ದ. ಮೂವತ್ತು ನಲವತ್ತು ಜನ ಸೇರಿದ್ದರು, ಮುಕ್ಕಾಲು ಪಾಲು ಅವನ ವಯಸ್ಸಿನವರೇ. ಮಠದ ಉಸ್ತುವಾರಿ ನೋಡಿಕೊಳ್ಳುವ ಹಾಲೇಶಪ್ಪ ಅವನ ಜೊತೆ ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತವನು, ಹೊಟ್ಟೆಯಲ್ಲಿ ಇವನಿಗೇನೂ ಕಡಿಮೆ ಇಲ್ಲ. ಕೊಟ್ರಬಸಪ್ಪನನ್ನು ಮೇಲಿಂದ ಕೆಳಗೆ ನೋಡಿ ನಾಲಿಗೆ ಲೊಚಗುಟ್ಟಿದ.

"ಏನೋ ಇದು, ಅರ್ಧ ಆಗಿ ಬಂದಿದ್ದೀಯ? ಹರಕೆ ಹೊತ್ತಾಗ ಕ್ವಿಂಟಲ್ ಇದ್ದೆ. ಸ್ವಾಮಿ ಉಳಿಸಿಕೊಟ್ಟಿದ್ದು ಆ ಆಳನ್ನ, ಈ ಆಳನ್ನಲ್ಲ."

"ಡಾಕ್ಟ್ರು ಹೇಳಿದ್ರಪ್ಪ."

"ಡಾಕ್ಟ್ರು ಬೆಲ್ಲ ಕಡಿಮೆ ಕೊಡು ಅಂದ್ರಾ?" ಜನ ನಕ್ಕರು. ಹಾಲೇಶಪ್ಪ ಮೂಕಪ್ಪನ ಕಡೆ ತಿರುಗಿದ. "ಅಡಿಗೆಮನೆ ಒರಳಿನ ಗುಂಡುಕಲ್ಲು ತಗೊಂಬಾ. ಇಳಿದಿರೋ ತೂಕ ಮಡಿಲಲ್ಲಿಟ್ಟುಕೊಂಡು ಕೂರ್ಲಿ. ಸ್ವಾಮಿಗೂ ಮೋಸ ಇಲ್ಲ, ಇವ್ನಿಗೂ ಮೋಸ ಇಲ್ಲ."

ಕೊಟ್ರಬಸಪ್ಪ ಹೆಂಡತಿಯ ಮುಖ ನೋಡಿದ. ಅವಳ ಮುಖದಲ್ಲಿ ಎರಡು ತಿಂಗಳಿಂದ ಕಾಣದಿದ್ದ ನೆಮ್ಮದಿ ಕಂಡಿತು. "ಅಷ್ಟು ಮಾಡ್ರಿ, ನನ್ ಮನಸ್ಸಿಗೂ ಸಮಾಧಾನ ಆಗ್ತೈತೆ" ಎಂದಳು. ಅಲ್ಲಿಗೆ ಮಾತು ಮುಗಿಯಿತು. ಹಲಗೆ ಹತ್ತಿ ಚಕ್ಕಳಮಕ್ಕಳ ಹಾಕಿ ಕೂತ. ಮೂಕಪ್ಪ ಕಲ್ಲನ್ನು ತಂದು, "ಜ್ವಾಕೆ ಸಾವ್ಕಾರ್ರೇ" ಎನ್ನುತ್ತ ಮಡಿಲಿಗಿಟ್ಟ. ತಣ್ಣನೆಯ ಕಲ್ಲು ಹೊಟ್ಟೆಯ ಕೆಳಗೆ ಸರಿಯಾಗಿ ಎಲ್ಲಿ ಕೂರಬಾರದೋ ಅಲ್ಲೇ ಕೂತಿತು.

ಹಗ್ಗ ಎಳೆದರು, ಹಲಗೆ ನೆಲ ಬಿಟ್ಟಿತು. ಹಾಲೇಶಪ್ಪ ಒಂದೊಂದೇ ಅಚ್ಚನ್ನು ಹಣೆಗೆ ಮುಟ್ಟಿಸಿ ಇಡುತ್ತಿದ್ದ, ಅವನಿಗೆ ಅವಸರವೇ ಇಲ್ಲ. ತೊಲೆ ಒಮ್ಮೆ ಅತ್ತ ವಾಲಿತು, ಒಮ್ಮೆ ಇತ್ತ. ನೀರೇ ಕುಡಿಯದವನಿಗೆ ಎಲ್ಲಿಂದ ಬರಬೇಕು ಎಂದು ಕೊಟ್ರಬಸಪ್ಪ ತನಗೆ ತಾನೇ ಬುದ್ಧಿ ಹೇಳಿಕೊಂಡ. ಆದರೆ ಒಣಗಿದ ಮೈಯೊಳಗಿನಿಂದ ಉರಿ ಎದ್ದಿತು, ಬಿಸಿ ತಂತಿ ಎಳೆದಂತಾಯಿತು. ಗದ್ದಿಗೆಯ ಕಡೆ ನೋಡಿದ, ಕಣ್ಣು ಮುಚ್ಚಿದ, ಪಂಚಾಕ್ಷರಿ ಜಪಿಸಿದ. ಓಂ ನಮಃ ಎನ್ನುವಷ್ಟರಲ್ಲಿ ಕಲ್ಲು, ಶಿವಾಯ ಎನ್ನುವಷ್ಟರಲ್ಲಿ ಕಲ್ಲು. ಹೆಗಲ ಮೇಲಿನ ಶಾಲನ್ನು ಕೈ ತಾನಾಗಿ ಮಡಿಲಿಗೆ ಎಳೆದುಕೊಂಡಿತು. ಎಳೆದುಕೊಂಡದ್ದೇ ತಡ, ಗೊತ್ತಾಯಿತು. ಹೀಗೇ, ಅಪ್ಪ ಶಾಲನ್ನು ಎಳೆದುಕೊಂಡದ್ದು ಹೀಗೇ. ಇನ್ನು ಎರಡು ನಿಮಿಷ ಕೂತರೆ ತಾನೂ ಇಲ್ಲಿಂದ ಇಳಿಯುವುದಿಲ್ಲ. ಆರತಿ ಆದರೂ ಇಳಿಯುವುದಿಲ್ಲ, ಜನ ಕರೆದರೂ ಇಳಿಯುವುದಿಲ್ಲ, ಕಾಲು ಹಿಡಿದಿದೆ ಎನ್ನುತ್ತೇನೆ, ಬೆಲ್ಲ ಕೊಟ್ಟ ಸೊಕ್ಕು ನೋಡು ಎನ್ನುತ್ತಾರೆ. ಅಪ್ಪಾ, ನಿನ್ನನ್ನು ಅಲ್ಲಿ ಕೂರಿಸಿ ನಾನು ಇಳಿದು ಹೋದೆನಲ್ಲ, ವಾದ್ಯ ಊದಿಸಿಕೊಂಡು. ಕೊಟ್ರಬಸಪ್ಪ ಕಣ್ಣು ಬಿಟ್ಟ. ಸಾಕು ಎನ್ನಿಸಿತು. ನಾಚಿಕೆಯೂ ಸಾಕು, ನಾಚಿಕೆಗೆ ಹೆದರಿದ್ದೂ ಸಾಕು.

"ಮೂಕಪ್ಪಾ, ಹಗ್ಗ ಬಿಡು. ಇಳಿಸು."

"ಏನ್ ಮಾತಾಡ್ತಿ?" ಹಾಲೇಶಪ್ಪನ ಕೈಯ ಅಚ್ಚು ಅಲ್ಲೇ ನಿಂತಿತು. "ಇನ್ನೆರಡು ಅಚ್ಚು ಐತೆ. ಈಗ ಇಳಿದ್ರೆ ಒಂದು ವರ್ಷ ಹೋಯ್ತು!"

"ಹೋಗ್ಲಿ. ನಂಗೆ ಉಚ್ಚೆ ಬಂದೈತೆ. ತಡಿಯಾಕೆ ಆಗಲ್ಲ, ಕಾಯಿಲೆ ಐತೆ ನಂಗೆ."

ಇಷ್ಟು ದೊಡ್ಡ ದನಿಯಲ್ಲಿ ಹೇಳಬೇಕೆಂದುಕೊಂಡಿರಲಿಲ್ಲ. ಒಬ್ಬರೂ ನಗಲಿಲ್ಲ. ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕೆ ಹಾಕಿ, ನೆಲಕ್ಕೆ ಕಾಲೂರಿ, ಹೆಂಡತಿಯ ಮುಖ ನೋಡದೆ ಮಠದ ಹಿಂದಿನ ಪಾಗಾರದ ಕಡೆ ನಡೆದ.

ಗೋಡೆಗೆ ಮುಖ ಮಾಡಿ ನಿಂತ. ಬರಲಿಲ್ಲ. ಬಾರದಿದ್ದರೆ ಬೇಡ, ನಿಲ್ಲುತ್ತೇನೆ, ಇಲ್ಲಿ ಹಾರನ್ ಹೊಡೆಯುವವರು ಯಾರೂ ಇಲ್ಲ. ಹಿಂದೆ ಒಣ ಎಲೆಗಳ ಮೇಲೆ ಹೆಜ್ಜೆ ಕೇಳಿಸಿತು. ಯಾರೋ ಬೈಯಲು ಬಂದರು ಎಂದುಕೊಂಡ. ಹಾಲೇಶಪ್ಪ ನಾಲ್ಕು ಮಾರು ಆಚೆ ಅದೇ ಗೋಡೆಗೆ ಮುಖ ಮಾಡಿ, ಪಂಚೆ ಸರಿಸಿಕೊಂಡು ನಿಂತ. ಇಬ್ಬರೂ ನಿಂತೇ ಇದ್ದರು. ಗೋಡೆಯ ಮೇಲೊಂದು ಓತಿಕ್ಯಾತ ತಲೆ ಎತ್ತಿ ಇಬ್ಬರನ್ನೂ ನೋಡಿ ಹೋಯಿತು. ಎಷ್ಟೋ ಹೊತ್ತಿನ ಮೇಲೆ ಕೊಟ್ರಬಸಪ್ಪನಿಗೆ ಸಣ್ಣಗೆ, ನಿಂತು ನಿಂತು, ಬಂತು. ಹಾಲೇಶಪ್ಪನಿಗೆ ಇನ್ನೂ ಬಂದಿರಲಿಲ್ಲ.

"ಎಷ್ಟು ದಿನದಿಂದ ನಿಂಗೆ?" ಎಂದ ಹಾಲೇಶಪ್ಪ ಗೋಡೆಗೇ ಹೇಳುವಂತೆ.

"ಒಂದೂವರೆ ವರ್ಷ. ನಿಂಗೆ?"

"ಮೂರು. ಮನ್ಯಾಗೆ ಹೇಳಿಲ್ಲ" ಎಂದ. ಗೋಡೆಯಿಂದ ಕಣ್ಣು ತೆಗೆಯದೆ ಕೇಳಿದ, "ಆ ಡಾಕ್ಟ್ರು ದಾವಣಗೆರೇಲಿ ಎಲ್ಲಿ ಕೂತ್ಕಂತಾರೆ?"

ಕೊಟ್ರಬಸಪ್ಪ ಹೇಳಿದ. "ಮೊದ್ಲು ಹೊಟ್ಟೆ ಇಳಿಸು ಅಂತಾರೆ" ಎಂದೂ ಹೇಳಿ, ಅವನನ್ನು ಅಲ್ಲೇ ಬಿಟ್ಟು, ಕಾಲು ಕೈ ತೊಳೆದುಕೊಂಡು ಅಂಗಳಕ್ಕೆ ಬಂದ.

ಜನ ದಾರಿ ಬಿಟ್ಟರು. ಅನ್ನಪೂರ್ಣಮ್ಮ ತಕ್ಕಡಿಯ ಕಂಬ ಹಿಡಿದು ನಿಂತಿದ್ದಳು. ಕಣ್ಣು ತುಂಬಿತ್ತು. "ಹರಕೆ ಮುರಿದ್ರಲ್ರಿ. ಇನ್ನು ಗುರುವಾರ ಯಾವ ಧೈರ್ಯದ ಮ್ಯಾಲೆ ಹೋಗ್ತೀರಿ?"

ಅವನು ಅವಳ ಹತ್ತಿರ ಹೋಗಿ ನಿಂತ. ಹೇಳಬೇಕಾದ್ದು ಬೇರೆಯೇ ಇತ್ತು, ಅದು ಮೂವತ್ತೊಂಬತ್ತು ವರ್ಷದಿಂದ ಇತ್ತು. "ಅವತ್ತು ಅಪ್ಪ ಸೊಕ್ಕಿಗೆ ಬಸ್ಸಿನಾಗೆ ಕೂತಿರ್ಲಿಲ್ಲ ಕಣೇ. ಪಂಚೆ ಒದ್ದೆಯಾಗಿತ್ತು. ನಿಲ್ಸಾಕೆ ಹೇಳು ಅಂತ ಕೇಳ್ಕೊಂಡ್ರು, ನಾನು ನಿಲ್ಸಲಿಲ್ಲ. ನಿಮ್ಮಪ್ಪ ಕೈ ಮುಗಿಬೇಕಾಗಿ ಬಂದಿದ್ದು ನನ್ನಿಂದ, ಅಪ್ಪನಿಂದಲ್ಲ."

ಅವನನ್ನೇ ನೋಡಿದಳು, ಆ ಬಸ್ಸಿನ ಕಿಟಕಿಯನ್ನು ಈ ಸಲ ಒಳಗಿನಿಂದ ನೋಡುವವಳಂತೆ. ಕೊಟ್ರಬಸಪ್ಪ ಹಲಗೆ ಹತ್ತಿ ಕೂತ. ಮೂಕಪ್ಪ ಅಭ್ಯಾಸಬಲದಿಂದ ಕಲ್ಲಿಗೆ ಬಗ್ಗಿದ. "ಕಲ್ಲು ಬ್ಯಾಡ ಮೂಕಪ್ಪ. ನಾನು ಈಗ ಎಷ್ಟು ಇದ್ದೀನೋ ಅಷ್ಟು ತೂಗು. ಒಪ್ಪಿದ್ರೆ ಸ್ವಾಮಿ ಒಪ್ಲಿ, ಇಲ್ದಿದ್ರೆ ವರ್ಷ ಬಿಟ್ಟು ಬಂದು ಮತ್ತೆ ಕೂರ್ತೀನಿ. ಗುರುವಾರ ಮಾತ್ರ ದಾವಣಗೆರೆಗೆ ಹೋಗೋನೇ."

ಹಗ್ಗ ಎಳೆಯಲೋ ಬೇಡವೋ ಎಂದು ಮೂಕಪ್ಪ ಸುತ್ತ ನೋಡಿದ. ಹಿಂದಿನಿಂದ ಬಂದ ಹಾಲೇಶಪ್ಪ ಶಾಲಿನಿಂದ ಕೈ ಒರೆಸಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ, "ಎಳಿ" ಎಂದ. ಬೆಲ್ಲದ ಹಲಗೆ ನೆಲದಲ್ಲೇ ಕೂತಿತು, ಕೊಟ್ರಬಸಪ್ಪ ಮೇಲಕ್ಕೆ ಹೋದ. ಆಗ ಅನ್ನಪೂರ್ಣಮ್ಮ ಕಂಬ ಬಿಟ್ಟು ಬಂದು ಬೆಲ್ಲದ ಅಚ್ಚನ್ನು ತಾನೇ ತೆಗೆಯತೊಡಗಿದಳು. ಒಂದು ತೆಗೆದು ಸೆರಗಿಗೆ ಹಾಕಿಕೊಂಡಳು, ಇನ್ನೊಂದು, ಮತ್ತೊಂದು. ಒಂದೊಂದು ತೆಗೆದಾಗಲೂ ಅವನು ತುಸು ತುಸು ಕೆಳಗೆ ಬಂದು ಅವಳ ಮುಖದ ಎತ್ತರಕ್ಕೆ ನಿಂತ. ತೊಲೆ ಸಮವಾಯಿತು. ಆರತಿ ಆಯಿತು. ಸೆರಗಿನ ಬೆಲ್ಲವನ್ನು ಅವಳು ಗದ್ದಿಗೆಯ ಮುಂದೆ ಬೇರೆಯಾಗಿ ಸುರಿದು, "ಇದು ಅವ್ರು ಇಳಿಸಿಕೊಂಡಿದ್ದು. ಇದೂ ನಿಂದೇ" ಎಂದು ಅಡ್ಡಬಿದ್ದಳು.

ಹೊರಗೆ ಬಸ್ಸಿಗೆ ಹೊತ್ತಾಗಿತ್ತು. ಅವಳು ಮಠದ ಹಂಡೆಯಿಂದ ಒಂದು ಚೊಂಬು ತುಂಬ ನೀರು ತಂದು ಅವನ ಮುಂದೆ ಹಿಡಿದಳು. ಅವನು ಚೊಂಬನ್ನೂ ರಸ್ತೆಯನ್ನೂ ನೋಡಿದ.

"ಕುಡೀರಿ" ಎಂದಳು ಅನ್ನಪೂರ್ಣಮ್ಮ. "ಬಸ್ಸು ನಿಲ್ಸಾಕೆ ನಾನು ಹೇಳ್ತೀನಿ."

ಕೊಟ್ರಬಸಪ್ಪ ಚೊಂಬು ಎತ್ತಿ, ಮಧ್ಯೆ ಉಸಿರು ತೆಗೆಯದೆ, ಪೂರ್ತಿ ಕುಡಿದ.